ಕೆಡದ ಸೆಟ್‌ಗಳ ಫೈಲು

ಆ ಫೈಲು ನನ್ನ ಮೇಜಿಗೆ ಬರುವ ಹೊತ್ತಿಗೆ ಅದಕ್ಕೆ ಮೂರು ವರ್ಷ ವಯಸ್ಸಾಗಿತ್ತು. ನಾನು ಮುಂಬೈಯ ಫೋರ್ಟಿನಲ್ಲಿರುವ ನಗರ ಆಡಳಿತದ ಕಚೇರಿಯೊಂದರ ಬಜೆಟ್ ವಿಭಾಗದಲ್ಲಿ ಗುಮಾಸ್ತೆ. ಬೊರಿವಲಿಯಿಂದ ದಿನವೂ ಲೋಕಲ್ ಹಿಡಿದು ಬರುವವಳು. ಯಾವ ಇಲಾಖೆ ಏನು ಕೇಳಿದರೂ, ಮಳೆಗಾಲಕ್ಕೆ ಪಂಪು ಕೇಳಲಿ, ಆಸ್ಪತ್ರೆಗೆ ಮಂಚ ಕೇಳಲಿ, ಆ ಕಾಗದ ಒಮ್ಮೆ ನಮ್ಮ ವಿಭಾಗದ ಕೈ ದಾಟಿಯೇ ಹೋಗಬೇಕು. ಈ ಫೈಲು ಕೇಳುತ್ತಿದ್ದದ್ದು ವೈರ್‌ಲೆಸ್ ಸೆಟ್‌ಗಳನ್ನು. ಬೆಂಕಿ ಆರಿಸುವವರಿಗೆ, ನೀರಿನವರಿಗೆ, ಆಂಬ್ಯುಲೆನ್ಸಿನವರಿಗೆ, ಬಿದ್ದ ಮರ ಕಡಿಯುವ ಉದ್ಯಾನದವರಿಗೆ ಬೇರೆ ಬೇರೆಯಾಗಿದ್ದ ಹಳೆಯ ವ್ಯವಸ್ಥೆಗಳನ್ನು ತೆಗೆದು, ಎಲ್ಲರೂ ಒಬ್ಬರೊಡನೊಬ್ಬರು ಮಾತಾಡಬಹುದಾದ ಒಂದೇ ವ್ಯವಸ್ಥೆ ತರಬೇಕು, ಅದಕ್ಕೆ ಹಣ ಬೇಕು ಎಂಬುದು ಅದರ ಸಾರಾಂಶ.

ಮೂರು ಸಲವೂ ಫೈಲು ಒಂದೇ ಷರಾ ಹೊತ್ತು ವಾಪಸಾಗಿತ್ತು. ವರ್ಕ್‌ಶಾಪಿನ ವರದಿಯಂತೆ ಈಗಿರುವ ಸೆಟ್‌ಗಳೆಲ್ಲ ಸುಸ್ಥಿತಿಯಲ್ಲಿವೆ. ಹೀಗಿರುವಾಗ ಹೊಸವು ಯಾಕೆ? ಷರಾ ಬರೆದವರು ತಪ್ಪೇನೂ ಬರೆದಿರಲಿಲ್ಲ. ವರದಿಯಲ್ಲಿ ಪ್ರತಿ ಸೆಟ್ಟಿನ ನಂಬರಿನ ಮುಂದೆ ಒಬ್ಬರು ಉರುಟು ಉರುಟಾದ ಮರಾಠಿ ಅಕ್ಷರದಲ್ಲಿ 'ಚಾಲೂ' ಎಂದು ಬರೆದಿದ್ದರು. ಪುಟ ತಿರುವಿದರೆ ಅಲ್ಲಿಯೂ ಚಾಲೂ, ಮುಂದಿನ ಪುಟದಲ್ಲಿಯೂ ಚಾಲೂ.

ನಮ್ಮ ವಿಭಾಗದ ಮುಖ್ಯಸ್ಥೆ ಮರಾಠಿ ಹೆಂಗಸು. ಎಲ್ಲರೂ ಅವರನ್ನು ಮೇಡಂ ಎಂದಷ್ಟೇ ಕರೆಯುತ್ತಿದ್ದೆವು. ಊಟದ ಡಬ್ಬಿ ತೆರೆದರೆ ಮೊದಲ ಥಾಲಿಪೀಠ ನನ್ನ ತಟ್ಟೆಗೆ ಹಾಕಿಯೇ ತಾವು ತಿನ್ನುತ್ತಿದ್ದವರು. ಅವರು ನನ್ನನ್ನು ಕರೆದು, ದಾದರಿನ ವರ್ಕ್‌ಶಾಪಿಗೆ ಹೋಗಿ ಈ ಚಾಲೂ ಬರೆಯುವ ಮೆಕ್ಯಾನಿಕ್ಕನ್ನು ಕಂಡು, ಸೆಟ್‌ಗಳು ಇನ್ನು ರಿಪೇರಿ ಆಗುವಂಥವಲ್ಲ ಎಂದು ಒಂದು ಸರ್ಟಿಫಿಕೇಟ್ ಬರೆಸಿಕೊಂಡು ಬಾ ಎಂದರು. ಅದಿಲ್ಲದೆ ಇದು ನಾಲ್ಕನೆಯ ಸಲವೂ ತಿರುಗಿ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು.

ವರ್ಕ್‌ಶಾಪು ಅಂದರೆ ದಾದರಿನ ಒಂದು ಗ್ಯಾರೇಜಿನ ಹಿಂದಿನ ತಗಡಿನ ಮಾಡು. ಒಳಗೆ ಉದ್ದದ ಒಂದು ಬೆಂಚು, ಅದರ ತುಂಬ ಹೊಟ್ಟೆ ಬಿಚ್ಚಿಕೊಂಡ ಸೆಟ್‌ಗಳು. ಅವುಗಳ ನಡುವೆ ಐವತ್ತೇಳು ಐವತ್ತೆಂಟರ ಒಬ್ಬ ತೆಳ್ಳಗಿನ ಮನುಷ್ಯ, ಮೂಗಿನ ಮೇಲೆ ಒಂದು ಕನ್ನಡಕ, ಹಣೆಯ ಮೇಲೆ ಇನ್ನೊಂದು. ನಾನು ಹೋದಾಗ ಅವರು ಫೋನಿನಲ್ಲಿದ್ದರು. "ಈ ಸಲ ರೊಟ್ಟಿ ಬ್ಯಾಡಪಾ, ಬರೂತನಕ ಮುರದು ಪುಡಿ ಆಗ್ತಾವ. ಶೇಂಗಾ ಹಿಂಡಿ ಅಷ್ಟ ಕಳಸು" ಎನ್ನುತ್ತಿದ್ದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಅದಕ್ಕೆ ಕಾರಣ ಹೇಳಬೇಕು. ನಮ್ಮ ಮನೆಮಾತು ತುಳು. ನಾನು ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯೇ. ಅಪ್ಪ ಫೋರ್ಟಿನ ಉಡುಪಿ ಹೋಟೆಲೊಂದರ ಗಲ್ಲೆಯಲ್ಲಿ ಬಿಲ್ಲಿನ ಹಣ ಎಣಿಸುತ್ತ ಕೂರುತ್ತಿದ್ದವರು. ಏಳನೆಯವರೆಗೆ ಹಟ ಮಾಡಿ ನನ್ನನ್ನು ಕನ್ನಡ ಶಾಲೆಯಲ್ಲೇ ಓದಿಸಿದರು. ಬೆಳಿಗ್ಗೆ ಕನ್ನಡ ಪೇಪರು ಗಟ್ಟಿಯಾಗಿ ಓದಿಸಿ ತಪ್ಪು ತಿದ್ದುತ್ತಿದ್ದರು. ಅವರು ಹೋದ ಮೇಲೆ ನನಗೆ ಕನ್ನಡದಲ್ಲಿ ಮಾತಾಡಲು ಯಾರೂ ಉಳಿದಿರಲಿಲ್ಲ. ಅಮ್ಮನೊಡನೆ ತುಳು, ಕಚೇರಿಯಲ್ಲಿ ಮರಾಠಿ, ಲೋಕಲ್‌ನಲ್ಲಿ ಹಿಂದಿ. ಓದುವುದು ಬರೆಯುವುದು ಮಾತ್ರ ಕನ್ನಡ. ಹೀಗಾಗಿ ಆ ತಗಡಿನ ಮಾಡಿನ ಕೆಳಗೆ ಶೇಂಗಾ ಹಿಂಡಿಯ ಮಾತು ಕಿವಿಗೆ ಬಿದ್ದಾಗ ಬಂದ ಕೆಲಸವೇ ಒಂದು ಗಳಿಗೆ ಮರೆತುಹೋಯಿತು.

ಫೋನು ಇಟ್ಟ ಮೇಲೆ ನೀವು ಕನ್ನಡದವರಾ ಎಂದು ಕೇಳಿದೆ. ಅವರು ಎರಡೂ ಕನ್ನಡಕ ತೆಗೆದು ನನ್ನನ್ನು ನೋಡಿದರು. ವಿಜಾಪುರದವರು, ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿ ಕನ್ನಡ. ಇಪ್ಪತ್ತರ ವಯಸ್ಸಿಗೆ ರೇಡಿಯೋ ರಿಪೇರಿ ಕಲಿತು ಮುಂಬೈಗೆ ಬಂದವರು. ಸ್ಟೂಲಿನ ಮೇಲಿದ್ದ ವೈರುಗಳನ್ನು ಸರಿಸಿ, "ಬರ್ರಿ, ಕುಂದರ್ರಿ. ಚಾ ಕುಡೀತೀರಿಲ್ಲೋ?" ಎಂದರು. ಗ್ಯಾರೇಜಿನವರೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಚಹಾ ಮುಗಿಯುವವರೆಗೆ ಎಲ್ಲ ಚೆನ್ನಾಗಿತ್ತು. ಸರ್ಟಿಫಿಕೇಟಿನ ಮಾತು ತೆಗೆದೊಡನೆ ಅವರು ತಲೆ ಅಲ್ಲಾಡಿಸಿದರು. ಬೆಂಚಿನ ಮೇಲಿನ ಒಂದು ಸೆಟ್ಟನ್ನು ಎತ್ತಿ ಬಟನ್ ಒತ್ತಿ ಕಿವಿಯ ಹತ್ತಿರ ಹಿಡಿದರು. ಅದು ಸಣ್ಣಗೆ ಸುಂಯ್‌ಗುಟ್ಟಿತು.

"ಕೇಳಸ್ತದಿಲ್ಲೋ? ಜೀವ ಅದ ಅದಕ್ಕ. ಬದುಕಿದ್ದವ್ರನ್ನ ಸತ್ತಾರಂತ ಹೆಂಗ ಬರದು ಕೊಡ್ಲಿ?"

ನಾನು ಬರಿಗೈಯಲ್ಲಿ ವಾಪಸಾದೆ. ಮೇಡಂ ಸಿಟ್ಟಾಗಲಿಲ್ಲ, ಮತ್ತೆ ಹೋಗು ಎಂದರು. ನಿಜ ಹೇಳಬೇಕೆಂದರೆ ನನಗೂ ಹೋಗಬೇಕೆಂದೇ ಇತ್ತು. ವಾರಕ್ಕೊಮ್ಮೆ ಮಧ್ಯಾಹ್ನದ ಊಟವಾದ ಮೇಲೆ ದಾದರಿಗೆ ಹೋಗುವುದು ಅಭ್ಯಾಸವಾಯಿತು. ಚಾಚಾ ಕೆಲಸ ಮಾಡುತ್ತಲೇ ಮಾತಾಡುತ್ತಿದ್ದರು. ಬೆಂಕಿಯವರ ಸೆಟ್ಟಿಗೆ ಯಾವಾಗಲೂ ನೀರು ಹೋಗಿ ಕೆಡುತ್ತದೆ, ನೀರಿನವರದ್ದು ಕೆಸರು ಮೆತ್ತಿ ಕೆಡುತ್ತದೆ, ಉದ್ಯಾನದವರದ್ದು ಮರದಿಂದ ಬಿದ್ದು ಒಡೆಯುತ್ತದೆ, ಆಂಬ್ಯುಲೆನ್ಸಿನದ್ದು ಮಾತ್ರ ಬ್ಯಾಟರಿ ಖಾಲಿಯಾಗಿ ಬರುತ್ತದೆ, ಯಾಕೆಂದರೆ ಅದಕ್ಕೆ ಬಾಯಿ ಮುಚ್ಚಲು ಪುರಸೊತ್ತಿಲ್ಲ ಎನ್ನುತ್ತಿದ್ದರು. ಬಿಡಿಭಾಗ ಸಿಗುವುದು ನಿಂತು ಹೋಗಿ ಎಷ್ಟೋ ವರ್ಷಗಳಾಗಿದ್ದವು. ಒಂದರ ಕರುಳು ತೆಗೆದು ಇನ್ನೊಂದಕ್ಕೆ ಹಾಕಿ, ಹಳೆಯ ಟೇಪ್‌ರೆಕಾರ್ಡರಿನ ಸ್ಪ್ರಿಂಗು ಕತ್ತರಿಸಿ ಬಟನ್ನಿಗೆ ಜೋಡಿಸಿ, ಹೇಗೋ ಎಲ್ಲವನ್ನೂ ನಡೆಸಿಕೊಂಡು ಬಂದಿದ್ದರು. ನನ್ನ ಕರಾವಳಿ ಕನ್ನಡ ಅವರಿಗೆ ತಮಾಷೆ. ನಾನು 'ಉಂಟು' ಎಂದರೆ ಸಾಕು, ಬೆಸುಗೆ ಕಡ್ಡಿ ಕೆಳಗಿಟ್ಟು ನಗುತ್ತಿದ್ದರು. ನಾನು ಅವರ ಕೈಕೆಲಸ ನೋಡುತ್ತ ಕುಳಿತರೆ ಗಂಟೆ ಆಗಿದ್ದೇ ತಿಳಿಯುತ್ತಿರಲಿಲ್ಲ.

ಆದರೆ ಕಾಗದ ಮಾತ್ರ ಸಿಗಲಿಲ್ಲ. ಬಜೆಟ್ಟಿಗೆ ಬೇಡಿಕೆ ಸಲ್ಲಿಸುವ ಹೊತ್ತು ಹತ್ತಿರ ಬರುತ್ತಿತ್ತು. ಒಂದು ಮಧ್ಯಾಹ್ನ ಲೋಕಲ್‌ನ ನೂಕುನುಗ್ಗಲಿನಲ್ಲಿ ಬೆವತು, ಮಳೆಯಲ್ಲಿ ನೆನೆದು ಹೋಗಿದ್ದ ನಾನು ತಾಳ್ಮೆಗೆಟ್ಟು ಆಡಬಾರದ ಮಾತು ಆಡಿಬಿಟ್ಟೆ. ಹೊಸ ಸೆಟ್‌ಗಳು ಬಂದರೆ ಅವುಗಳ ರಿಪೇರಿ ಕಂಪನಿಯವರೇ ಮಾಡುವುದೆಂದು ಫೈಲಿನಲ್ಲಿ ಬರೆದಿತ್ತು. ಅದನ್ನು ನೆನೆದು, "ನಿಮ್ಮ ವರ್ಕ್‌ಶಾಪು ಮುಚ್ತದೆ ಅಂತ ಹೆದರಿಕೆಯಾ ಚಾಚಾ? ಅದಕ್ಕೇ ಬರೆದು ಕೊಡೋದಿಲ್ಲವಾ?" ಎಂದೆ.

ಅವರು ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿಗೆ ಚುಚ್ಚಿ, ಕೈ ಒರೆಸಿಕೊಂಡರು.

"ಹೆದರಿಕಿ ಇಲ್ಲಂತ ಸುಳ್ಳ ಹೇಳಂಗಿಲ್ಲವ್ವಾ. ಅದ. ಆದ್ರ ನಿಮಗ ಕಾಗದ ಕೊಡದ ಇದ್ದದ್ದು ಅದಕ್ಕಲ್ಲ."

ಅಷ್ಟು ಹೇಳಿ ಮತ್ತೆ ಕೆಲಸಕ್ಕೆ ತಿರುಗಿದರು. ಚಹಾ ಬಂತು, ನಾನು ಕುಡಿಯದೆ ಎದ್ದು ಬಂದೆ. ರೈಲಿನಲ್ಲಿ ಬೊರಿವಲಿಯವರೆಗೂ ಆ ಮಾತು ಎದೆಯಲ್ಲಿ ಚುಚ್ಚುತ್ತಲೇ ಇತ್ತು. ಎರಡು ವಾರ ದಾದರಿನ ಕಡೆ ಹೋಗಲಿಲ್ಲ. ಕ್ಷಮೆ ಕೇಳಬೇಕೆಂದು ಫೋನು ಎತ್ತಿ, ಏನು ಹೇಳುವುದೆಂದು ತೋಚದೆ ಇಟ್ಟುಬಿಡುತ್ತಿದ್ದೆ.

ಕೊನೆಗೆ ಅವರೇ ಫೋನು ಮಾಡಿದರು. ಮಳೆ ಜೋರಾಗಿದೆ, ನಾಳೆ ಬೆಳಿಗ್ಗೆ, ಎಲ್ಲ ಇಲಾಖೆಗಳ ಕರೆಗಳು ಬಂದು ಸೇರುವ ಕಂಟ್ರೋಲ್ ರೂಮಿಗೆ ಸೆಟ್‌ಗಳ ಮೇಲೆ ಕಣ್ಣಿಡಲು ತಾನು ಹೋಗುತ್ತಿದ್ದೇನೆ, ಬರಿಯ ಕಾಗದದಲ್ಲಿ ನೋಡಿದವರು ಒಮ್ಮೆ ಬಂದು ಕಣ್ಣಾರೆ ನೋಡಿ ಎಂದರು. ಹಳೆಯ ಮಾತಿನ ಸುದ್ದಿಯನ್ನೇ ಎತ್ತಲಿಲ್ಲ. ನಾನು ಮೇಡಂ ಅವರ ಅನುಮತಿ ಪಡೆದು ಹೋದೆ. ಬಾಗಿಲಲ್ಲಿ ಅವರನ್ನು ಕಂಡೊಡನೆ ಆವತ್ತು ಆಡಿದ್ದು ತಪ್ಪಾಯ್ತು ಎಂದೆ. ಅವರು ಕೈ ಬೀಸಿ, ಒಳಗೆ ಹೋಗೋಣ ನಡೆಯಿರಿ ಎಂದರು.

ಒಳಗೆ ಒಂದು ಉದ್ದನೆಯ ಮೇಜು. ಅದರ ಮೇಲೆ ನಾಲ್ಕು ದೊಡ್ಡ ಸೆಟ್‌ಗಳು, ಒಂದೊಂದರ ಮುಂದೆ ಒಬ್ಬೊಬ್ಬ ಆಪರೇಟರ್. ಬೆಂಕಿಯವರ ಸೆಟ್ಟಿಗೆ ಬೆಂಕಿಯವರ ಮಾತು ಮಾತ್ರ ಕೇಳುತ್ತದೆ, ನೀರಿನದ್ದಕ್ಕೆ ನೀರಿನವರದ್ದು ಮಾತ್ರ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಬೇಕಾದರೆ ಆಪರೇಟರ್ ಕುತ್ತಿಗೆ ತಿರುಗಿಸಿ ಪಕ್ಕದವರಿಗೆ ಕೂಗಿ ಹೇಳಬೇಕು. ಪಕ್ಕದವರು ಬೇರೆ ಮಾತಿನಲ್ಲಿದ್ದರೆ ಕಾಯಬೇಕು, ಇಲ್ಲವೇ ಚೀಟಿ ಬರೆದು ಮುಂದಿಡಬೇಕು. ನಾಲ್ವರೂ ವರ್ಷಾನುಗಟ್ಟಲೆ ಒಟ್ಟಿಗೆ ಕೂತವರು. ಒಬ್ಬರ ಕತ್ತು ನೋಯುತ್ತದೆಂದು ಇನ್ನೊಬ್ಬರು ಮುಲಾಮು ತಂದು ಕೊಡುತ್ತಿದ್ದರು.

ಹತ್ತು ಗಂಟೆಯ ಸುಮಾರಿಗೆ ಉಪನಗರದ ಒಂದು ಓಣಿಯಲ್ಲಿ ದೊಡ್ಡ ಅರಳಿಮರ ಬುಡ ಸಮೇತ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಬೇರು ಎದ್ದ ಜಾಗದಲ್ಲಿ ನೀರಿನ ಪೈಪು ಒಡೆಯಿತು. ಓಣಿಯ ಒಂದು ತುದಿಯಿಂದ ಉದ್ಯಾನದವರು ಗರಗಸ ಹಿಡಿದು ಬಂದರು. ಮೊಣಕಾಲುದ್ದ ನೀರು, ಪೈಪು ಇನ್ನೂ ಉಕ್ಕುತ್ತಿದ್ದರೆ ಮರದ ಕೆಳಗಿನ ಮಣ್ಣು ಕುಸಿಯಬಹುದು. ವಾಲ್ವ್ ಬಂದ್ ಆಯಿತೇ ಎಂದು ಅವರು ತಮ್ಮ ಸೆಟ್ಟಿನಲ್ಲಿ ಕೇಳಿದರು. ಉದ್ಯಾನದ ಆಪರೇಟರ್ ನೀರಿನ ಆಪರೇಟರಿಗೆ ಕೂಗಿದರು. ಅವರು ಆಗಲೇ ಮೂರು ಕಡೆಯ ದೂರುಗಳಲ್ಲಿ ಮುಳುಗಿದ್ದರು. ಚೀಟಿ ಹೋಯಿತು. ಚೀಟಿ ಇನ್ನೊಂದು ಚೀಟಿಯ ಕೆಳಗೆ ಸೇರಿತು. ಉದ್ಯಾನದವರು ಮತ್ತೆ ಕೇಳಿದರು. ನೀರಿನ ಆಪರೇಟರ್ ತಮ್ಮ ಗುಂಪನ್ನು ಕರೆದರು; ಅವರು ಬೇರೆ ಓಣಿಯ ಪ್ರಶ್ನೆಯೆಂದು ತಿಳಿದು ಬೇರೆ ಉತ್ತರ ಕೊಟ್ಟರು. ಗೋಡೆಯ ಗಡಿಯಾರ ನೋಡುತ್ತ ನಾನು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಮುಕ್ಕಾಲು ಗಂಟೆ ಕಳೆಯಿತು.

ಕೊನೆಗೆ ಉದ್ಯಾನದವರಲ್ಲೊಬ್ಬ ಬೇಸತ್ತು ಬಿದ್ದ ಮರದ ಮೇಲೆ ಹತ್ತಿ ಆಚೆ ನೋಡಿದನಂತೆ. ಮರದ ಆಚೆ ಬದಿಯಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ, ನೀರಿನವರು ಒಂದು ಅಂಗಡಿಯ ಛತ್ರಿಯ ಕೆಳಗೆ ಚಹಾ ಕುಡಿಯುತ್ತ ನಿಂತಿದ್ದರು. ವಾಲ್ವ್ ಬಂದ್ ಮಾಡಿ ಅರ್ಧ ಗಂಟೆಯಾಗಿತ್ತು. ಮರ ಕಡಿಯುವವರು ಯಾವಾಗ ಬರುತ್ತಾರೆಂದು ಅವರೂ ತಮ್ಮ ಸೆಟ್ಟಿನಲ್ಲಿ ಎರಡು ಸಲ ಕೇಳಿದ್ದರು. ಓಣಿಯಲ್ಲಿ ನಿಂತದ್ದು ಬರೀ ಮಳೆಯ ನೀರು. ಇದನ್ನು ಆತ ಸೆಟ್ಟಿನಲ್ಲಿ ಹೇಳುವಾಗ ನಗು ತಡೆಯಲಾರದೆ ಹೋದ. ಮೇಜಿನ ಮುಂದಿನ ನಾಲ್ವರೂ ನಕ್ಕರು, ನಾನೂ ನಕ್ಕೆ.

ಚಾಚಾ ನಗಲಿಲ್ಲ. ಆ ಹೊತ್ತೆಲ್ಲ ಅವರು ಸೆಟ್‌ಗಳ ಹಿಂದೆ ಸ್ಟೂಲು ಹಾಕಿಕೊಂಡು, ಕಣ್ಣು ಮುಚ್ಚಿ, ನಾಲ್ಕರ ದನಿಯನ್ನೂ ಕೇಳುತ್ತ ಕೂತಿದ್ದರು. ಹೊರಗಿನ ವರಾಂಡಕ್ಕೆ ಬಂದ ಮೇಲೆ ಹೇಳಿದರು:

"ಇವತ್ತ ನನ್ನ ಒಂದು ಸೆಟ್ಟೂ ಕೈ ಕೊಟ್ಟಿಲ್ಲ. ಒಂದರಾಗೂ ಖರಖರ ಇಲ್ಲ, ಒಂದರ ಬ್ಯಾಟರೀನೂ ಇಳದಿಲ್ಲ. ಎಲ್ಲಾ ಚಲೋ ಮಾತಾಡ್ಯಾವು. ಆದ್ರ ಏನ ಉಪಯೋಗ ಆತು?"

ಆಮೇಲೆ, ಬರೆಯಲು ಕಾಗದ ಇದೆಯೇ ಎಂದು ಕೇಳಿದರು.

ಅವರು ಕನ್ನಡದಲ್ಲಿ ಹೇಳಿದರು, ನಾನು ಮರಾಠಿಯಲ್ಲಿ ಬರೆದೆ. ತಾಂತ್ರಿಕ ಪದ ಬಂದಲ್ಲಿ ನಿಲ್ಲಿಸಿ, ತಪ್ಪು ಬರೆದಿಲ್ಲವೆಂದು ಖಚಿತ ಮಾಡಿಕೊಂಡೇ ಮುಂದುವರಿಯುತ್ತಿದ್ದರು. ಸೆಟ್‌ಗಳು ಕೆಟ್ಟಿವೆ ಎಂದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಎಲ್ಲವೂ ಸರಿಯಾಗಿವೆ, ನಾನು ನಿವೃತ್ತನಾಗುವವರೆಗೆ ಸರಿಯಾಗಿಯೇ ಇಟ್ಟಿರುತ್ತೇನೆ, ಆದರೆ ಒಂದು ಇಲಾಖೆಯ ಸೆಟ್ಟು ಇನ್ನೊಂದು ಇಲಾಖೆಯ ಸೆಟ್ಟಿನ ಮಾತು ಕೇಳಲಾರದು, ಇದು ರಿಪೇರಿಯಿಂದ ಹೋಗುವ ದೋಷವಲ್ಲ ಎಂದಷ್ಟೇ ಇತ್ತು. ಜೊತೆಗೆ ಆ ದಿನದ ನನ್ನ ಟಿಪ್ಪಣಿಯನ್ನೂ ಸೇರಿಸಿದೆವು. ಕೆಳಗೆ ಅವರು ತಮ್ಮ ಉರುಟು ಅಕ್ಷರದಲ್ಲಿ ಸಹಿ ಮಾಡಿದರು. ಮೇಡಂ ಅದನ್ನು ಎರಡು ಸಲ ಓದಿ, ಕೇಳಿದ್ದಕ್ಕಿಂತ ಒಳ್ಳೆಯ ಕಾಗದ ತಂದೆ ಎಂದರು.

ಮುಂದಿನದು ಸಭೆ. ಈ ವ್ಯವಸ್ಥೆಗೆ ನಾಲ್ಕೂ ಇಲಾಖೆಗಳು ತಮ್ಮ ತಮ್ಮ ಬಜೆಟ್ಟಿನಿಂದ ಪಾಲು ಹಾಕಬೇಕಿತ್ತು. ನಾಲ್ಕೂ ಇಲಾಖೆಗಳಿಗೆ ಅದು ಬೇಕಿತ್ತು, ಪಾಲು ಮಾತ್ರ ಯಾರಿಗೂ ಬೇಡವಾಗಿತ್ತು. ಬೆಂಕಿಯವರ ಅಧಿಕಾರಿ, ನಮ್ಮ ಹುಡುಗರು ಹೊಗೆಯೊಳಗೆ ನಿಂತು ಮಾತಾಡುವಾಗ ನಡುವೆ ಉದ್ಯಾನದವರ ಹರಟೆ ಬರುವುದು ಬೇಡ ಎಂದರು. ಆಂಬ್ಯುಲೆನ್ಸಿನವರು, ಸಮಪಾಲು ಎಂದರೆ ನಾವು ಗಾಡಿಗಳನ್ನೇ ಮಾರಬೇಕಾದೀತು ಎಂದರು. ಹಣಕಾಸಿನ ಹಿರಿಯ ಅಧಿಕಾರಿ ಎಲ್ಲವನ್ನೂ ಕೇಳಿ, ಮೇಜಿನ ಕೊನೆಯ ಕುರ್ಚಿಯ ತುದಿಯಲ್ಲಿ ಕೂತಿದ್ದ ಚಾಚಾನ ಕಡೆ ತಿರುಗಿದರು. ಇಷ್ಟು ವರ್ಷ ಎಲ್ಲ ಸರಿಯಿದೆ ಎಂದು ಬರೆದವರು ನೀವೇ, ಈಗ ಹೊಸದು ಬೇಕೆನ್ನುವವರೂ ನೀವೇ, ಯಾವುದನ್ನು ನಂಬಲಿ ಎಂದು ಕೇಳಿದರು. ದನಿಯಲ್ಲಿ ಒರಟುತನವಿರಲಿಲ್ಲ.

ಚಾಚಾ ಎದ್ದು ನಿಂತು ಮರಾಠಿಯಲ್ಲಿ ಹೇಳಿದ್ದು ಇಷ್ಟು: "ಎರಡನ್ನೂ ನಂಬಿ ಸಾಹೇಬ್. ಕೆಟ್ಟದ್ದನ್ನು ನಾನು ರಿಪೇರಿ ಮಾಡಬಲ್ಲೆ. ಇವು ಕೆಟ್ಟಿಲ್ಲ. ಒಂದರ ಮಾತು ಇನ್ನೊಂದಕ್ಕೆ ಕೇಳದ ಹಾಗೆಯೇ ಇವನ್ನು ಮಾಡಿದ್ದಾರೆ. ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ."

ಆಮೇಲೆ ಬೆಂಕಿಯವರ ಅಧಿಕಾರಿಗೆ, ಹೊಸ ವ್ಯವಸ್ಥೆಯಲ್ಲಿ ಒಂದೊಂದು ಇಲಾಖೆಗೂ ಅದರದೇ ಚಾನೆಲ್ ಇರುತ್ತದೆ, ಬೇಕಾದಾಗ ಮಾತ್ರ ಎಲ್ಲರೂ ಕೂಡುವ ಚಾನೆಲ್ ಬೇರೆ ಇರುತ್ತದೆ ಎಂದು ಬಿಡಿಸಿ ಹೇಳಿದರು. ಪಾಲಿನ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿತ್ತು. ಅವರ ರಿಪೇರಿ ರಿಜಿಸ್ಟರುಗಳನ್ನು ಒಂದು ವಾರ ಕೂತು ಓದಿ, ಯಾವ ಇಲಾಖೆ ಎಷ್ಟು ಸೆಟ್ಟು ಬಳಸುತ್ತದೆ ಎಂದು ಪಟ್ಟಿ ಮಾಡಿದ್ದೆ. ಬಳಸಿದಷ್ಟಕ್ಕೆ ಪಾಲು ಎಂದು ಮೇಡಂ ಸೂಚಿಸಿದರು. ಎಲ್ಲರೂ ಪಟ್ಟಿಯಲ್ಲಿ ತಮ್ಮ ಸಾಲು ಹುಡುಕುತ್ತಿದ್ದಾಗ, ಅದುವರೆಗೆ ಬಾಯಿ ಬಿಡದೆ ಕೂತಿದ್ದ ಉದ್ಯಾನದ ಅಧಿಕಾರಿ ನಾವು ಒಪ್ಪಿದೆವು ಎಂದರು. ಮರ ಹತ್ತಿ ನೋಡಿದವನು ನಮ್ಮವನು, ಮುಂದಿನ ಸಲ ಅವನು ಜಾರಿ ಬೀಳುವುದು ಬೇಡ ಎಂದರು. ಎಲ್ಲಕ್ಕಿಂತ ಸಣ್ಣ ಪಾಲಿನವರು ಮೊದಲು ಒಪ್ಪಿದ ಮೇಲೆ ಉಳಿದವರಿಗೆ ಎಳೆದಾಡುವುದು ಕಷ್ಟವಾಯಿತು.

ಕೇಳಿದ್ದರಲ್ಲಿ ಅರ್ಧ ಮಾತ್ರ ಮಂಜೂರಾಯಿತು. ಈ ವರ್ಷ ದಕ್ಷಿಣದ ವಾರ್ಡುಗಳು, ಉಪನಗರಗಳು ಮುಂದಿನ ವರ್ಷ. ನಾನು ಮುಖ ಸಣ್ಣದು ಮಾಡಿದ್ದನ್ನು ಕಂಡು ಚಾಚಾ, ಮೂರು ವರ್ಷ ವಾಪಸ್ ಬಂದದ್ದು ಅರ್ಧ ದಾರಿ ಹೋಗಿದೆಯಲ್ಲ ಎಂದು ಸಮಾಧಾನ ಹೇಳಿ, ಹತ್ತಿರದ ಉಡುಪಿ ಹೋಟೆಲಿಗೆ ಕರೆದುಕೊಂಡು ಹೋದರು. ಮಸಾಲೆ ದೋಸೆ ಬಂದ ಮೇಲೆ, ಇದೇ ಹೋಟೆಲಿನ ಗಲ್ಲೆಯಲ್ಲಿ ನನ್ನ ಅಪ್ಪ ಕೂರುತ್ತಿದ್ದದ್ದು ಎಂದು ಹೇಳಿದೆ. ಅವರು ಗಲ್ಲೆಯ ಕಡೆ ಒಮ್ಮೆ ತಿರುಗಿ ನೋಡಿದರು. ಬಿಲ್ಲು ಕೊಡಲು ಮಾತ್ರ ನನ್ನನ್ನು ಬಿಡಲಿಲ್ಲ.

ಹೊಸ ಸೆಟ್‌ಗಳು ಬಂದದ್ದು ಮುಂದಿನ ಚಳಿಗಾಲದಲ್ಲಿ. ಮೊದಲ ಪರೀಕ್ಷೆಯ ದಿನ ಆಪರೇಟರುಗಳು ಹಠ ಹಿಡಿದು ಚಾಚಾನ ಕೈಗೇ ಮೈಕು ಕೊಟ್ಟರು. ಎಲ್ಲರೂ ಕೂಡುವ ಚಾನೆಲಿನಲ್ಲಿ ಅವರು, ನನ್ನ ಮಾತು ಯಾರಿಗೆಲ್ಲ ಕೇಳುತ್ತಿದೆ ಎಂದು ಕೇಳಿದರು. ಮೊದಲು ಬೆಂಕಿಯವರು ಕೇಳುತ್ತಿದೆ ಎಂದರು, ನೀರಿನವರೂ ಆಂಬ್ಯುಲೆನ್ಸಿನವರೂ ಹಾಗೆಯೇ ಎಂದರು. ಉದ್ಯಾನದವನು ಕೇಳುತ್ತಿದೆ ಎಂದದ್ದಲ್ಲದೆ ಚಾಚಾನ ಚಹಾ ಆಯಿತೇ ಎಂದೂ ವಿಚಾರಿಸಿದ. ಚಾಚಾ ಮೈಕನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಕನ್ನಡಕ ಒರೆಸಿಕೊಂಡರು. ಮೊದಲ ಕೆಲವು ದಿನ ಎಲ್ಲರೂ ಒಟ್ಟಿಗೆ ಮಾತಾಡಿ ಯಾರದೂ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಬಟನ್ ಒತ್ತಬಾರದೆಂದು ಕಲಿಸಲು ಚಾಚಾ ಊರೆಲ್ಲ ಸುತ್ತಿದರು.

ದಕ್ಷಿಣದ ಹಳೆಯ ಸೆಟ್‌ಗಳು ಗುಜರಿಗೆ ಹೋಗುವ ಮುನ್ನ ಅವರು ಒಂದೊಂದನ್ನೂ ಬ್ರಶ್ಶಿನಿಂದ ತಿಕ್ಕಿ ಒರೆಸಿದರು. ಮುರಿದು ಕರಗಿಸುವುದಕ್ಕೆ ಇಷ್ಟು ಆರೈಕೆ ಯಾಕೆ ಎಂದು ಕೇಳಿದೆ. "ಮಂದೀ ಮುಂದ ಹೊಲಸ ಮೈ ಇಟಗೊಂಡು ಹೋಗಬಾರದು ನೋಡವ್ವಾ" ಎಂದರು. ಅವರಿಗೆ ದುಃಖವಾಗಿತ್ತು. ಅದನ್ನು ಮುಚ್ಚಿಡಲು ಪ್ರಯತ್ನಿಸಲಿಲ್ಲ, ಅದರ ಬಗ್ಗೆ ಹೆಚ್ಚು ಮಾತಾಡಲೂ ಇಲ್ಲ. ನಾನು ಇನ್ನೊಂದು ಬ್ರಶ್ಶು ಹಿಡಿದು ಪಕ್ಕದಲ್ಲಿ ಕೂತೆ. ಉಪನಗರಗಳ ಹಳೆಯ ಸೆಟ್‌ಗಳಿಗಾಗಿ ವರ್ಕ್‌ಶಾಪು ಇನ್ನೊಂದು ವರ್ಷ ಉಳಿಯಿತು. ಎರಡನೆಯ ಕಂತು ಮಂಜೂರಾಗಿ ಹೊಸ ಸೆಟ್‌ಗಳು ಬೊರಿವಲಿ ಮುಟ್ಟಿದ ಮೇಲೆ ಅದೂ ಮುಚ್ಚಿತು. ಅವರು ನಿವೃತ್ತರಾದದ್ದು ಅದೇ ತಿಂಗಳು.

ಈಗ ಅವರು ಕುರ್ಲಾದ ಮನೆಯಲ್ಲಿದ್ದಾರೆ. ಓಣಿಯವರ ಮಿಕ್ಸರು, ಫ್ಯಾನು, ಮೊಬೈಲು ಎಲ್ಲ ಅವರ ಕಿಟಕಿಯ ಕೆಳಗೆ ಸಾಲಾಗಿರುತ್ತವೆ. ಕಳೆದ ಈದಿಗೆ ನನ್ನನ್ನು ಊಟಕ್ಕೆ ಕರೆದಿದ್ದರು. ಕಾಲೇಜು ಓದುವ ಮೊಮ್ಮಗಳು ಬಾಗಿಲು ತೆರೆದು, "ಆಂಟಿ, ಬರ್ರಿ... ಅಂದರ್ ಬರ್ರಿ" ಎಂದು ಅಜ್ಜನ ಕನ್ನಡದಲ್ಲಿ ತಡವರಿಸಿ ನಕ್ಕಳು. ಹೊರಡುವಾಗ ಅವರ ಹೆಂಡತಿ ನನ್ನ ಅಮ್ಮನಿಗೆಂದು ಶಾವಿಗೆಯ ಶೀರ್ ಖುರ್ಮಾ ಡಬ್ಬಿಗೆ ತುಂಬಿ ಕೊಟ್ಟರು. ಡಬ್ಬಿಯನ್ನು ಬರಿದೇ ಹಿಂದಿರುಗಿಸುವುದು ಹೇಗೆ ಎಂದು ಅಮ್ಮ ಮುಂದಿನ ಭಾನುವಾರವೇ ಅವರಿಬ್ಬರನ್ನೂ ಬೊರಿವಲಿಗೆ ಕರೆಸಿದಳು. ಅಮ್ಮನಿಗೆ ಬರುವ ಹಿಂದಿ ತರಕಾರಿ ಕೊಳ್ಳುವಷ್ಟು, ಚಾಚಾನ ಹೆಂಡತಿಗೆ ತುಳು ಒಂದಕ್ಷರವೂ ಬಾರದು. ಆದರೂ ಹೆಂಗಸರಿಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ನೀರುದೋಸೆಯ ಹದ, ಮೊಣಕಾಲು ನೋವು, ಮೊಮ್ಮಗಳ ಮದುವೆ ಎಂದು ಮಧ್ಯಾಹ್ನವಿಡೀ ಮಾತಾಡಿದರು. ಚಾಚಾ ಹೊರಕೋಣೆಯಲ್ಲಿ ಅಪ್ಪನ ಆರಾಮಕುರ್ಚಿಯಲ್ಲಿ ಒರಗಿ, ಪೇಪರು ಎದೆಯ ಮೇಲಿಟ್ಟುಕೊಂಡು ನಿದ್ದೆಹೋದರು.